ಅಳಿವೆಬಾಗಿಲು ಯಾರ ಖಾತೆ

ಕುಮಟೆ
ಮೇ ನಲವತ್ತಮೂರು, ೨೧೮೭

ನಮಗಿಂತ ಮೊದಲು ಬದುಕಿದವರಿಗೆ,

ಮೇ ತಿಂಗಳಿಗೆ ಇಷ್ಟು ದಿನಗಳೇ ಎಂದು ಹುಬ್ಬೇರಿಸಬೇಡಿ. ಮಳೆ ಬೀಳುವ ತನಕ ಜೂನ್ ಎನ್ನುವಂತಿಲ್ಲ ಎಂದು ನಮ್ಮಲ್ಲಿ ಕಾನೂನಿದೆ. ಅದನ್ನು ತಂದದ್ದು ಪಂಚಾಂಗ ಮತ್ತು ಋತುಮಾನ ಖಾತೆಯ ಮಂತ್ರಿ. ಹೌದು, ಅಂಥದ್ದೊಂದು ಖಾತೆಯೂ ಇದೆ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಮನ್ನಿಸಿ, ಬಿಡಿಸಿ ಹೇಳುತ್ತೇನೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳಲಾರೆ.

ನನ್ನ ಹೆಸರು ತ್ರಿವೇಣಿ ಹರಿಕಂತ್ರ. ನಾವು ಮೀನುಗಾರರು. ನೀವು ನಡೆದಾಡಿದ ಬೀಚುಗಳೆಲ್ಲ ಈಗ ನೀರಿನಡಿ ಇವೆ. ಊರು ಕಡಲಗೋಡೆಯ ಹಿಂದೆ ಬದುಕುತ್ತದೆ. ಅಘನಾಶಿನಿ ಸಮುದ್ರ ಸೇರುವ ಕಡೆ ಗೋಡೆಗೊಂದು ದೊಡ್ಡ ಉಕ್ಕಿನ ಕದವಿದೆ. ಅದಕ್ಕೆ ಅಳಿವೆಬಾಗಿಲು ಎನ್ನುತ್ತೇವೆ. ದಿನವೂ ದೋಣಿಗಳು ಅದರೊಳಗಿಂದಲೇ ಹೋಗಿ ಬರುತ್ತವೆ. ಕಡಲು ಉಕ್ಕಿದಾಗ ಅದನ್ನು ಮುಚ್ಚಬೇಕು. ಆ ಕದ ತುಕ್ಕು ಹಿಡಿದಿತ್ತು. ಅದನ್ನು ಸರಿ ಮಾಡಿಸುತ್ತೇನೆಂದು ಹೇಳಿಯೇ ನಾನು ಓಟು ಕೇಳಿದ್ದು, ಜನ ಲೋಕಸಭೆಗೆ ಕಳಿಸಿದ್ದು.

ರಾಷ್ಟ್ರಪತಿಗಳು ಪ್ರಮಾಣವಚನ ಬೋಧಿಸುವುದು, ಯಾರಿಗೆ ಯಾವ ಖಾತೆಯೆಂದು ಪ್ರಧಾನಿ ತೀರ್ಮಾನಿಸುವುದು, ಇಡೀ ಸಂಪುಟ ಒಟ್ಟಾಗಿ ಸದನಕ್ಕೆ ಉತ್ತರ ಹೇಳುವುದು, ಇವೆಲ್ಲ ನಿಮ್ಮ ಕಾಲದಲ್ಲಿದ್ದಂತೆಯೇ ಇವೆ. ನಿಮ್ಮಲ್ಲಿ ಮಂತ್ರಿಗಳ ಸಂಖ್ಯೆಗೊಂದು ಮಿತಿ ಇತ್ತಂತೆ. ನನ್ನ ಅಜ್ಜಿಯ ಕಾಲದಲ್ಲಿ ಅದನ್ನು ತೆಗೆದುಹಾಕಿದರು. ಅಂದಿನಿಂದ ಮಿತ್ರಪಕ್ಷಗಳು ಹೆಚ್ಚಿದಂತೆಲ್ಲ ಖಾತೆಗಳನ್ನು ಸೀಳುತ್ತಾರೆ. ಹಾಗೆ ಸೀಳಿದ್ದಕ್ಕೆ ಒಡಖಾತೆ ಎಂದು ಹೆಸರು. ಶಿಕ್ಷಣಕ್ಕೆ ಈಗ ಐವರು ಮಂತ್ರಿಗಳು. ಶಾಲೆಯ ಕಟ್ಟಡ ಒಬ್ಬರದು, ಪುಸ್ತಕ ಇನ್ನೊಬ್ಬರದು.

ನನಗೆ ಕಡಲ ಖಾತೆ ಸಿಗುತ್ತದೆಂದು ಪಕ್ಷದವರು ಹೇಳಿದ್ದರು. ದಿಲ್ಲಿಯ ಬೇಸಿಗೆ ತಡೆಯಲಾಗದೆ ರಾಜಧಾನಿಯನ್ನು ನರ್ಮದೆಯ ದಡಕ್ಕೆ ತಂದಿದ್ದಾರೆ. ಅಲ್ಲಿಯೂ ಮಧ್ಯಾಹ್ನವಾದರೆ ಬಡವರು, ಸಂಸದರು, ನಾಯಿಗಳು ಎಲ್ಲರೂ ತಂಪುಮನೆಗಳಲ್ಲೇ. ಅವು ಬಿಸಿಲಿಗೆ ಹೆದರಿದವರಿಗಾಗಿ ಸರ್ಕಾರ ಕಟ್ಟಿಸಿದ ನೆಲದಡಿಯ ಸಭಾಂಗಣಗಳು. ಪ್ರಮಾಣವಚನ ಮುಗಿಸಿ ಅಂಥ ಒಂದು ಕಡೆ ಕುಳಿತಿದ್ದಾಗ ಖಾತೆಗಳ ಹಂಚಿಕೆ ಪ್ರಕಟವಾಯಿತು. ಕಡಲಗೋಡೆ ನನಗೆ ಬಂದಿತ್ತು. ಗೋಡೆಯ ಬಾಗಿಲುಗಳು ಮಿತ್ರಪಕ್ಷವೊಂದರ ಮಹಿಪತ್ ಸೋಳಂಕಿ ಎಂಬವರಿಗೆ ಹೋಗಿದ್ದವು. ಬಾಗಿಲು ಯಾವಾಗ ಮುಚ್ಚಬೇಕೆಂಬ ಮುನ್ನೆಚ್ಚರಿಕೆ ಮೂರನೆಯ ಪಕ್ಷದ ಪಾಲಾಗಿತ್ತು.

ನಾನು ಪ್ರಧಾನಿಯನ್ನು ಕಾಣಲು ಹೋದೆ. ಮಂದಾಕಿನಿ ಬರುವಾ ಕೆಟ್ಟವರಲ್ಲ, ಆದರೆ ಬಹಳ ದಣಿದಿದ್ದರು. ಗೋಡೆ ಮತ್ತು ಬಾಗಿಲು ಒಂದೇ ಕೈಯಲ್ಲಿರಬೇಕು, ನನಗೆ ಕೊಡಲಾಗದಿದ್ದರೆ ಸೋಳಂಕಿಯವರಿಗೇ ಎರಡನ್ನೂ ಕೊಡಿ ಎಂದೆ. ಅವರು ಮಿತ್ರಪಕ್ಷಗಳ ಬೆಂಬಲಪತ್ರಗಳನ್ನು ನನ್ನೆದುರು ಸರಿಸಿದರು.

“ನಿಮ್ಮ ಮಾತು ಸರಿ ಇದೆ. ಆದರೆ ಒಬ್ಬರಿಗೆ ಪೂರ್ತಿ ಕೊಟ್ಟರೆ ಇನ್ನಿಬ್ಬರು ಬೆಂಬಲ ವಾಪಸ್ ತಗೋತಾರೆ. ಸರ್ಕಾರ ಉಳಿದರೆ ತಾನೆ ಗೋಡೆ?”

ಊರಿಗೆ ಬಂದರೆ ಪಟಾಕಿ, ಹಾರ, ಮೆರವಣಿಗೆ. ಜಿಲ್ಲೆಗೊಂದು ಮಂತ್ರಿಗಿರಿ ಬಂತಲ್ಲ, ಅಷ್ಟೇ ಸಾಕಾಗಿತ್ತು ಎಲ್ಲರಿಗೂ. ನನ್ನ ಕೈಯಲ್ಲಿ ಏನಿದೆ ಎಂದು ಕೇಳಿದವರು ಒಬ್ಬರೇ, ಮೀನು ಮಾರುವ ದೇವಮ್ಮ ಚಿಕ್ಕಿ, ನನ್ನ ತಾಯಿಯ ತಂಗಿ; ನನ್ನನ್ನು ಆಕೆ ಕರೆಯುವುದೂ ತಂಗಿ ಎಂದೇ. ಹೇಳಿದೆ. ಆಕೆ ಹಾರ ಹಾಕದೆ ಮನೆಗೆ ಹೋದಳು.

ಒಂದು ವರ್ಷ ನಾನು ಸೋಳಂಕಿಯವರ ಕಚೇರಿಗೆ ಅಲೆದೆ. ಕದದ ಮೋಟಾರು ಬದಲಿಸಿ ಎಂದರೆ, ಅದನ್ನು ಕೂರಿಸಿರುವುದು ನಿಮ್ಮ ಗೋಡೆಯ ಮೇಲೆ ಎನ್ನುತ್ತಿದ್ದರು. ನಾನೇ ಬದಲಿಸಲು ಹೊರಟರೆ ಅದು ಅತಿಕ್ರಮಣವೆಂದು ಸಂಪುಟ ಕಾರ್ಯದರ್ಶಿ ತಡೆದರು.

ಕಳೆದ ಆಷಾಢದ ಅಮಾವಾಸ್ಯೆಯಂದು ಕಡಲು ಉಕ್ಕಿತು. ನಾನು ರಾಜಧಾನಿಯಲ್ಲಿದ್ದೆ. ಮುನ್ನೆಚ್ಚರಿಕೆಯೇನೋ ಬಂತು, ಆದರೆ ಅದರಲ್ಲಿ ಗೋಡೆಗೆ ಅಪಾಯ ಎಂದಿತ್ತು. ಬಾಗಿಲಿನ ಮಾತೇ ಇಲ್ಲವಾದ್ದರಿಂದ ಆಜ್ಞೆ ಕೊಡಲಾಗದು ಎಂದರು ಸೋಳಂಕಿಯವರ ಕಡೆಯವರು. ಅಷ್ಟರಲ್ಲಿ ಚಿಕ್ಕಿಯ ಫೋನು ಬಂತು. ಹಿಂದೆ ಅಲೆಯ ಸದ್ದು, ಜನರ ಕೂಗು. ಮೋಟಾರು ತಿರುಗುತ್ತಿಲ್ಲ, ಕಾವಲಿನವನು ಆಜ್ಞೆ ಬೇಕೆಂದು ಕೈಯಿಂದ ಮುಚ್ಚುವ ಹಿಡಿಕೆಗೆ ಬೀಗ ಹಾಕಿ ನಿಂತಿದ್ದಾನೆ ಎಂದಳು.

“ನೀ ಮಂತ್ರಿ ಹೌದೋ ಅಲ್ವೋ, ತಂಗಿ? ಒಂದು ಮಾತು ಹೇಳು.”

“ಬೀಗ ಒಡೆದು ಮುಚ್ಚಿ ಚಿಕ್ಕಿ. ನಾನು ಹೇಳಿದೆ ಅನ್ನಿ” ಎಂದೆ.

ಅವರು ಮುಚ್ಚಿದರು. ಹೆಂಗಸರು ಗಂಡಸರು ಸೇರಿ ಹಿಡಿಕೆ ತಿರುಗಿಸಿ, ಅಂಗೈ ಸುಲಿದುಕೊಂಡು ಮುಚ್ಚಿದರು. ಊರು ಉಳಿಯಿತು. ಆದರೆ ಹೊತ್ತು ಮೀರಿತ್ತು. ತಗ್ಗಿನ ಕೇರಿಗೆ ನೀರು ನುಗ್ಗಿ ಬಲೆ ನೇಯುತ್ತಿದ್ದ ಬೊಮ್ಮಯ್ಯ ಮತ್ತವನ ಹೆಂಡತಿ ತೀರಿಹೋದರು.

ಮುಂದಿನ ವಾರ ಸಂಪುಟ ಸಭೆ. ಆ ಇಬ್ಬರ ಹೆಸರನ್ನು ಯಾರೂ ಎತ್ತಲಿಲ್ಲ. ಒಂದು ಖಾತೆಯ ಮಂತ್ರಿ ಇನ್ನೊಂದು ಖಾತೆಯ ಸೊತ್ತಿನ ಮೇಲೆ ಆಜ್ಞೆ ಕೊಡಬಹುದೇ ಎಂಬುದಷ್ಟೇ ಚರ್ಚೆ. ಕೊಡುವಂತಿಲ್ಲ ಎಂದು ತೀರ್ಮಾನವಾಯಿತು. ಹಾಗಾಗಿ ನನ್ನ ಮಾತು ಮಂತ್ರಿಯ ಮಾತಲ್ಲ, ಬೀಗ ಒಡೆದವರು ಅಪರಾಧಿಗಳು. ಚಿಕ್ಕಿಯ ಮತ್ತು ಆಕೆಯ ಜೊತೆಗಿದ್ದವರ ಮೇಲೆ ಮೊಕದ್ದಮೆ ಹೂಡಲು ಒಪ್ಪಿಗೆ ಸಿಕ್ಕಿತು. ಅದು ಸಂಪುಟದ ತೀರ್ಮಾನ, ಆದ್ದರಿಂದ ಹೊರಗೆ ನಾನೂ ಅದನ್ನೇ ಸಮರ್ಥಿಸಬೇಕು. ಸಾಮೂಹಿಕ ಹೊಣೆ ಎಂದು ನೀವು ಬರೆದಿಟ್ಟ ಒಳ್ಳೆಯ ಮಾತು ನಮ್ಮಲ್ಲಿ ಬಳಕೆಯಾಗುವುದು ಹೀಗೆ. ಯಾರೊಬ್ಬರೂ ಹೊರದ ಹೊಣೆಯನ್ನು ಎಲ್ಲರೂ ಸೇರಿ ಮುಚ್ಚಿಡುತ್ತೇವೆ.

ನಾನು ರಾಜೀನಾಮೆ ಕೊಟ್ಟೆ. ಅದರಿಂದ ಯಾರಾದರೂ ಬೆಚ್ಚುತ್ತಾರೆಂದುಕೊಂಡಿದ್ದೆ. ಪ್ರಧಾನಿ ಕೈಮುಗಿದು ಬೀಳ್ಕೊಟ್ಟರು. ಮರುದಿನವೇ ನನ್ನ ಖಾತೆಯನ್ನು ಇಬ್ಬರಿಗೆ ಹಂಚಿದರು, ಗೋಡೆಯ ಒಳಮೈ ಒಬ್ಬರಿಗೆ, ಹೊರಮೈ ಇನ್ನೊಬ್ಬರಿಗೆ. ನಮ್ಮ ಜಿಲ್ಲೆಯವರು ಧರಣಿ ಕೂತರು. ಬಾಗಿಲಿಗಾಗಿ ಅಲ್ಲ, ಮಂತ್ರಿಗಿರಿ ತಪ್ಪಿಹೋಯಿತೆಂದು.

ಮೋಟಾರು ಇನ್ನೂ ಹಾಗೇ ಇದೆ. ಮಳೆ ಬಂದರೆ ಜೂನ್ ಆಗುತ್ತದೆ, ಜೂನ್ ಆದರೆ ಕಡಲು ಏರುತ್ತದೆ.

ನೀವು ಇನ್ನೂ ತಡೆಯಬಲ್ಲ ಕಾಲದಲ್ಲಿದ್ದೀರಿ. ಹೊಸ ಸರ್ಕಾರ ಬಂದಾಗ ನಮ್ಮ ಜಾತಿಗೆಷ್ಟು, ನಮ್ಮ ಜಿಲ್ಲೆಗೆಷ್ಟು ಎಂದು ಲೆಕ್ಕ ಹಾಕುತ್ತ ಕೂರಬೇಡಿ. ನಿಮ್ಮ ಮನೆ ಬಾಗಿಲಿಗೆ ನೀರು ಬಂದರೆ ಯಾರನ್ನು ಕರೆಯಬೇಕು ಎಂದು ಕೇಳಿ. ಒಂದು ಹೆಸರು ಹೇಳುವ ತನಕ ಎದ್ದು ಹೋಗಬೇಡಿ.

ನಾನೀಗ ಹೊರಡಬೇಕು. ಇವತ್ತು ಚಿಕ್ಕಿಯ ವಿಚಾರಣೆ, ನಾನು ಆಕೆಯ ಪರ ಸಾಕ್ಷಿ. ಆಕೆ ಆಗಲೇ ಸೀರೆ ಉಟ್ಟು ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ವಕೀಲರು ಹೇಳಿಕೊಟ್ಟ ಮಾತೊಂದೂ ಆಕೆಗೆ ರುಚಿಸಿಲ್ಲ. ಬೀಗ ಒಡೆದದ್ದು ತಾನೇ ಎಂದೂ, ಮುಂದಿನ ಅಮಾವಾಸ್ಯೆಗೂ ಒಡೆಯುತ್ತೇನೆಂದೂ ಹೇಳುತ್ತಾಳಂತೆ.

ತ್ರಿವೇಣಿ