ನಡೆಯಲು ಬಾಕಿಯಿರುವ ಐನೂರ ಎಂಬತ್ತು ಮೀಟರ್

ಹೆದ್ದಾರಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಹೊಸ ಸೇತುವೆಯ ಮೇಲೆ ನನ್ನ ಹೆಂಡತಿಯನ್ನು ನಡೆಯಲು ಬಿಡಿ. ಒಂದೇ ಒಂದು ಸಲ. ಉದ್ದ ಐನೂರ ಎಂಬತ್ತು ಮೀಟರ್ ಎಂದು ನೀವೇ ಹಲಗೆ ಹಾಕಿಸಿದ್ದೀರಿ. ಅವಳ ನಡಿಗೆಯಲ್ಲಿ ಹೆಚ್ಚೆಂದರೆ ಹನ್ನೆರಡು ನಿಮಿಷ. ಇಷ್ಟಕ್ಕಾಗಿ ಮೂರು ತಿಂಗಳಿನಿಂದ ಕೊಡಿಯಾಲ್‌ಬೈಲಿನ ನಿಮ್ಮ ಕಚೇರಿಯ ಮೆಟ್ಟಿಲನ್ನು ಒಂಬತ್ತು ಸಲ ಹತ್ತಿದ್ದೇನೆ, ಎರಡು ಮನವಿ ಕೊಟ್ಟಿದ್ದೇನೆ, ಒಂದು ಉತ್ತರ ಪಡೆದಿದ್ದೇನೆ. ಆ ಉತ್ತರವನ್ನು ಓದಿದ ಮೇಲೆ, ಇನ್ನು ಊರೆಲ್ಲ ಕೇಳುವ ಹಾಗೆಯೇ ಕೇಳುವುದು ಮೇಲು ಅನ್ನಿಸಿತು.

ನನ್ನ ಹೆಸರು ನೋಣಯ್ಯ, ಮನೆ ಮಂಗಳೂರಿನ ಕುದ್ರೋಳಿಯಲ್ಲಿ. ಮೂವತ್ತಮೂರು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಈಗ ನಿವೃತ್ತನಾಗಿದ್ದೇನೆ. ಹೆಂಡತಿ ಕುಶಲಾ, ವಯಸ್ಸು ಅರವತ್ತೊಂದು. ಎರಡು ವರ್ಷದ ಹಿಂದೆ ನಮ್ಮ ಮಗ ಲತೇಶನ ಮಗಳು ಪ್ರಾಪ್ತಿ ಏಳು ತಿಂಗಳಿಗೇ ಹುಟ್ಟಿದಳು. ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ನಲವತ್ತೊಂದು ದಿನ ಗಾಜಿನ ಪೆಟ್ಟಿಗೆಯೊಳಗಿದ್ದಳು. ಹೊರಗೆ ವರಾಂಡದ ಬೆಂಚಿನಲ್ಲಿ ಕುಳಿತು ಕುಶಲಾ ಒಂದು ಹರಕೆ ಹೇಳಿಕೊಂಡಳು: ಮಗು ಮನೆಗೆ ಬಂದರೆ, ಕುದ್ರೋಳಿಯಿಂದ ಧರ್ಮಸ್ಥಳದವರೆಗೆ ಒಂದು ಹೆಜ್ಜೆಯಷ್ಟೂ ಚಕ್ರದ ಮೇಲೆ ಹೋಗದೆ ನಡೆದೇ ಬರುತ್ತೇನೆ, ಮಗುವಿನ ಹುಟ್ಟುಗೂದಲನ್ನು ಆ ಮೇಲೆ ಅಲ್ಲಿಯೇ ತೆಗೆಸುತ್ತೇನೆ. ಮಗು ಬಂತು. ಕುಶಲಾಳ ಮಂಡಿನೋವು ಒಂದು ಹದಕ್ಕೆ ಬರಲು ಇನ್ನೊಂದು ವರ್ಷ ಹೋಯಿತು. ನನಗೆ ಹರಕೆಗಳಲ್ಲಿ ಅಂಥ ನಂಬಿಕೆಯಿಲ್ಲ. ಆದರೆ ಆ ನಲವತ್ತೊಂದು ದಿನ ಅವಳ ಪಕ್ಕದಲ್ಲಿ ಕುಳಿತವನು ನಾನು, ಆದ್ದರಿಂದ ಜೊತೆಗೆ ನಡೆಯುತ್ತೇನೆ ಎಂದೆ.

ಕಳೆದ ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆ ಐದಕ್ಕೆ ಹೊರಟೆವು. ಮೂರು ದಿನದ ದಾರಿ. ಪಡೀಲು ದಾಟುವಾಗ ಬೆಳಕಾಯಿತು. ನೀವು ಹೆದ್ದಾರಿಯ ಅಂಚಿನಲ್ಲಿ ಎಂದಾದರೂ ನಡೆದಿದ್ದೀರಾ? ಕಾರಿನಿಂದಿಳಿದು ಪರಿಶೀಲನೆ ಮಾಡುವುದನ್ನು ಕೇಳುತ್ತಿಲ್ಲ, ನಡೆಯುವುದನ್ನು ಕೇಳುತ್ತಿದ್ದೇನೆ. ಡಾಂಬರು ಮುಗಿದಲ್ಲಿಂದ ಅರ್ಧ ಅಡಿ ಕೆಳಗೆ ಜಲ್ಲಿ, ಜಲ್ಲಿಯ ಆಚೆ ಚರಂಡಿ. ಲಾರಿ ಬಂದಾಗಲೆಲ್ಲ ಜಲ್ಲಿಗೆ ಇಳಿಯಬೇಕು, ಹೋದ ಮೇಲೆ ಹತ್ತಬೇಕು. ಫರಂಗಿಪೇಟೆ ಕಳೆದ ಮೇಲೆ ಒಳದಾರಿ ಸಿಕ್ಕಿತು, ಎರಡು ಗಂಟೆ ಸ್ವರ್ಗ. ಗದ್ದೆಯಲ್ಲಿ ಬಚ್ಚಂಗಾಯಿಯ, ಅಂದರೆ ಕಲ್ಲಂಗಡಿಯ, ಬಳ್ಳಿಗೆ ಕೊಡದಲ್ಲಿ ನೀರು ಹೊಯ್ಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಕರೆದು ಬೆಲ್ಲ, ನೀರು ಕೊಟ್ಟಳು. ಹೆಸರನ್ನೂ ಕೇಳಲಿಲ್ಲ, ಪರವಾನಗಿಯನ್ನೂ ಕೇಳಲಿಲ್ಲ.

ಅಷ್ಟರೊಳಗೆ ನಾಲ್ಕು ವಾಹನಗಳು ನಿಂತು ನಮ್ಮನ್ನು ಕರೆದಿದ್ದವು. ಒಂದು ನಮ್ಮದೇ ಕುದ್ರೋಳಿಯ ಮುಖೇಶನ ರಿಕ್ಷಾ. ಬಾಡಿಗೆಯವರನ್ನು ಬಿಟ್ಟು ಊರಿಗೆ ಮರಳುತ್ತಿದ್ದವನು ಕುಶಲಾಳ ಮುಖ ನೋಡಿ ಮರದ ಕೆಳಗೆ ನಿಲ್ಲಿಸಿದ. "ಹೋಗುವುದು ಬೇಡ ಅಕ್ಕ, ಸುಮ್ಮನೆ ಐದು ನಿಮಿಷ ಸೀಟಿನಲ್ಲಿ ಕುತ್ಕೊಳ್ಳಿ. ಗಾಡಿ ಆಫ್ ಮಾಡಿದ್ದೇನೆ" ಎಂದ.

"ನಿಂತಿದ್ರೂ ಅದಕ್ಕೆ ಚಕ್ರ ಉಂಟಲ್ಲ ಮಾರಾಯ" ಎಂದು ಅವಳು ನೆಲದ ಮೇಲೆ ಕುಳಿತಳು.

ಹನ್ನೊಂದು ಗಂಟೆಗೆ ನಿಮ್ಮ ಸೇತುವೆ ಬಂತು. ಯಾವ ಸೇತುವೆಯೆಂದು ಇಲ್ಲಿ ಬರೆಯುವುದಿಲ್ಲ, ನಿಮಗೆ ಚೆನ್ನಾಗಿ ಗೊತ್ತು. ಹಳೆಯ ಸೇತುವೆಗೆ ಕಾಲುದಾರಿಯಿತ್ತು, ಅದನ್ನು ಒಡೆದಿದ್ದೀರಿ. ಹೊಸದಕ್ಕೆ ದೀಪಗಳಿವೆ, ಕ್ಯಾಮರಾಗಳಿವೆ, ಬಣ್ಣ ಬಳಿದ ತಡೆಗೋಡೆಯಿದೆ. ಕಾಲಿಡಲು ಜಾಗ ಮಾತ್ರ ಇಲ್ಲ. ಕಾವಲಿನವನು ಸೀಟಿ ಊದಿಕೊಂಡು ಓಡಿ ಬಂದ. "ನಡ್ಕೊಂಡು ಹೋಗ್ಲಿಕ್ಕಿಲ್ಲ, ಆರ್ಡರ್ ಉಂಟು. ಜೀಪಿನಲ್ಲಿ ಆಚೆ ಬಿಡ್ತೇವೆ. ಫ್ರೀ" ಎಂದ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು, ಬಿಸಿಲು ನೆತ್ತಿಗೆ ಬಂದಿತ್ತು. ಅರ್ಧ ನಿಮಿಷದೊಳಗೆ ನಾವು ಜೀಪಿನಲ್ಲಿದ್ದೆವು. ಜೀಪು ಹೊರಟಾಗ ಕುಶಲಾ ಕಬ್ಬಿಣದ ಬದಿಗೆ ಎರಡೂ ಕೈಯಿಂದ ಬಡಿಯತೊಡಗಿದಳು. "ನಿಲ್ಸಿ, ನಿಲ್ಸಿ!" ಸೇತುವೆಯ ಮೇಲೆ ನಿಲ್ಲಿಸಲಿಕ್ಕಿಲ್ಲ, ಅದಕ್ಕೂ ನಿಮ್ಮದೇ ಆರ್ಡರ್ ಇದೆ ಎಂದು ಡ್ರೈವರ್ ಹೇಳಿದ. ಅವನ ಮಾತು ಮುಗಿಯುವಾಗ ಆಚೆ ದಡ ಬಂದಿತ್ತು.

ಅವಳು ಇಳಿದವಳೇ ತಿರುಗಿ ಸೇತುವೆಯ ಕಡೆಗೆ ನಡೆದಳು, ಹಿಂದೆ ಹೋಗಿ ಮತ್ತೆ ನಡೆದು ಬರುವುದಕ್ಕೆ. ಈ ತುದಿಯ ಕಾವಲಿನವನೂ ಸೀಟಿ ಊದಿದ. ಅವಳು ರಸ್ತೆಬದಿಯಲ್ಲಿ ಕುಳಿತು ಅತ್ತಳು. ನಲವತ್ತೊಂದು ದಿನದಲ್ಲಿ ಒಮ್ಮೆಯೂ ಅಳದವಳು. ಎದುರಿನ ಗೂಡಂಗಡಿಯ ಸುಲೈಮಾನ್ ಎಂಬವರು ಎರಡು ಗ್ಲಾಸು ಲಿಂಬೆ ಶರಬತ್ತು ತಂದುಕೊಟ್ಟರು. "ನಮ್ಮದೂ ಇದೇ ಕಥೆ" ಎಂದರು. "ಶಾಲೆ ಆಚೆ, ಮಸೀದಿ ಆಚೆ, ರೇಷನ್ ಅಂಗಡಿ ಆಚೆ. ಆ ಜೀಪು ಸಂಜೆವರೆಗೆ ಇದ್ರೆ ಇತ್ತು, ಇಲ್ಲದಿದ್ರೆ ಇಲ್ಲ. ಹಳೇ ಸೇತುವೆಯೂ ಇಲ್ಲದ ಕಾಲದಲ್ಲಿ ದೋಣಿ ಆದ್ರೂ ಇತ್ತು, ಎಂತ ಹೇಳುವುದು!"

ಉಳಿದ ದಾರಿಯನ್ನೆಲ್ಲ ಅವಳು ನಡೆದಳು. ಮೂರನೆಯ ದಿನ ಸಂಜೆ ಧರ್ಮಸ್ಥಳ ಮುಟ್ಟಿದೆವು. ಮಗ ಲತೇಶ, ಸೊಸೆ ಅನುಷ್ಕಾ ಮಗುವನ್ನು ಕರೆದುಕೊಂಡು ಕಾರಿನಲ್ಲಿ ಬಂದಿದ್ದರು. ಮರುದಿನ ಬೆಳಿಗ್ಗೆ ಮುಡಿಯ ಚೀಟಿ ಮಾಡಿಸಿ, ಮಗುವಿಗೆ ಹೊಸ ಅಂಗಿ ಹಾಕಿಸಿಯೂ ಆಗಿತ್ತು. ಕುಶಲಾ ದೇವರಿಗೆ ಕೈಮುಗಿದು ಹೊರಗೆ ಬಂದು "ಇವತ್ತು ಕೂದಲು ತೆಗೆಯುವುದು ಬೇಡ. ನಡೆದು ಆಗ್ಲಿಲ್ಲ" ಎಂದಳು.

ಲತೇಶನಿಗೆ ಸಿಟ್ಟು ಬಂತು. "ಅಮ್ಮ, ಒಂದು ಸೇತುವೆ! ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತುಂಟಲ್ಲ."

ಎಲ್ಲರೂ ಹಾಗೆಯೇ ಮನೆಗೆ ಬಂದೆವು. ಈಗ ಮಗುವಿನ ಕೂದಲು ಕಣ್ಣಿಗೆ ಬೀಳುತ್ತದೆ. ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದು ಮಗು ಪರಚಿಕೊಳ್ಳುತ್ತದೆ. ಈ ತಿಂಗಳು ಮುಗಿದರೆ ತಾನೇ ಕತ್ತರಿ ಹಾಕುತ್ತೇನೆಂದು ಅನುಷ್ಕಾ ಹೇಳಿಬಿಟ್ಟಿದ್ದಾಳೆ. ಅವಳದ್ದು ತಪ್ಪೆಂದು ನಾನು ಹೇಳಲಾರೆ, ಮಗು ಅವಳದ್ದು. ಆದರೆ ಹಾಗೆ ಕತ್ತರಿ ಬಿದ್ದರೆ ಕುಶಲಾಳ ಹರಕೆ ಶಾಶ್ವತವಾಗಿ ಅರ್ಧಕ್ಕೆ ನಿಲ್ಲುತ್ತದೆ. ಈಗ ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ಕೆಲಸ ಮಾಡುತ್ತಾರೆ. ಆ ಸೇತುವೆಯ ತುಂಡೊಂದನ್ನು ನಡೆದುಬಿಟ್ಟರೆ ಉಳಿದದ್ದೆಲ್ಲ ನಡೆದ ಹಾಗೆಯೇ, ಮರುದಿನವೇ ಮಗುವನ್ನು ಕರೆದುಕೊಂಡು ಹೋಗಬಹುದು ಎನ್ನುತ್ತಾಳೆ ಕುಶಲಾ.

ಇನ್ನು ತಮ್ಮ ಉತ್ತರ. "ಪಾದಚಾರಿಗಳ ಸುರಕ್ಷತೆಯ ದೃಷ್ಟಿಯಿಂದ ಉಚಿತ ವಾಹನ ಸೌಲಭ್ಯವನ್ನು ಕಲ್ಪಿಸಲಾಗಿದ್ದು, ಅರ್ಜಿದಾರರು ಸದರಿ ಸೌಲಭ್ಯವನ್ನು ಪಡೆದಿರುತ್ತಾರೆ. ಆದುದರಿಂದ ದೂರನ್ನು ವಿಲೇವಾರಿ ಮಾಡಲಾಗಿದೆ." ಎಂಥ ಚೊಕ್ಕ ಕನ್ನಡ! ನಡೆಯಲು ಬಿಡಿ ಎಂದು ಕೇಳಿದವನಿಗೆ, ಕೂರಿಸಿದ್ದೇವಲ್ಲ ಎಂದು ಉತ್ತರ. ಸುರಕ್ಷತೆ ಅಷ್ಟು ಮುಖ್ಯವಾಗಿದ್ದರೆ, ಕೋಟಿಗಟ್ಟಲೆ ಸುರಿದು ಕಟ್ಟುವಾಗ ಮೂರು ಅಡಿ ಅಗಲದ ದಾರಿಯೊಂದು ನಿಮ್ಮ ನಕ್ಷೆಯಲ್ಲಿ ಹಿಡಿಸದೆ ಹೋಯಿತೇ? ಈ ನಾಡಿನಲ್ಲಿ ಕಾಲಿರುವ ಮನುಷ್ಯರು ಉಳಿದಿದ್ದಾರೆಂದು ಯಾರೂ ನಿಮಗೆ ತಿಳಿಸಲಿಲ್ಲವೇ? ಉದ್ಘಾಟನೆಯ ದಿನ ಹಾರ ಹಾಕಿಕೊಂಡ ಗಣ್ಯರು ಇದೇ ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೇ ಹೋದರು. ಪತ್ರಿಕೆಯಲ್ಲಿ ಫೋಟೋ ಬಂದಿತ್ತು, ಕತ್ತರಿಸಿ ಇಟ್ಟಿದ್ದೇನೆ. ಅವರನ್ನು ಯಾವ ಜೀಪೂ ಹತ್ತಿಸಿಕೊಳ್ಳಲಿಲ್ಲ.

ಒಂಬತ್ತನೆಯ ಸಲ ಬಂದಾಗ ನಿಮ್ಮ ಗುಮಾಸ್ತರು ಕನಿಕರದಿಂದಲೇ ಕೇಳಿದರು. "ಎಂತ ಮಾರಾಯ್ರೆ, ಇಷ್ಟು ಸಣ್ಣ ವಿಷಯಕ್ಕೆ ದೇವರು ಬೇಜಾರು ಮಾಡ್ತಾರಾ?" ಮಾಡಲಿಕ್ಕಿಲ್ಲ. ದೇವರ ವಿಷಯ ನನಗೆ ಗೊತ್ತಿಲ್ಲ. ಮನೆಯ ವಿಷಯ ಗೊತ್ತು, ಅದನ್ನು ಅವರಿಗೆ ಹೇಳಲು ನಾಲಗೆ ಬರಲಿಲ್ಲ. ಈಗ ಬರೆಯುತ್ತೇನೆ.

ಅರ್ಧ ನಿಮಿಷದೊಳಗೆ ನಾವು ಜೀಪಿನಲ್ಲಿದ್ದೆವು ಎಂದು ಮೇಲೆ ಬರೆದೆ. ಹೇಗೆ ಎಂಬುದನ್ನು ಬರೆಯಲಿಲ್ಲ. ಎರಡು ಮನವಿಗಳಲ್ಲೂ ಬರೆದಿಲ್ಲ. ನಿಮ್ಮ ಕಾವಲಿನವನು ಅವಳನ್ನು ಮುಟ್ಟಲಿಲ್ಲ, ಬಾಗಿಲು ತೆರೆದದ್ದಷ್ಟೇ. ಹಿಂದೆ ಹಾರ್ನ್ ಕೇಳಿದೊಡನೆ "ಬೇಗ, ಬೇಗ, ಒಳಗೆ ಹೋಗಿ" ಎಂದು ಅವಳ ರಟ್ಟೆ ಹಿಡಿದು ಹತ್ತಿಸಿದವನು ನಾನು. ಬಸ್ಸಿನಲ್ಲಿ ಸಾವಿರಾರು ಹೆಂಗಸರನ್ನು ಹಾಗೆ ಹತ್ತಿಸಿದ ಕೈ, ಯೋಚಿಸದೆ ತನ್ನ ಕೆಲಸ ಮಾಡಿತು. ಅವಳು ಏನೋ ಹೇಳಲು ಬಾಯಿ ತೆರೆದಿದ್ದಳು, ನಾನು ಕೇಳಲಿಲ್ಲ. ಈ ಮೂರು ತಿಂಗಳಲ್ಲಿ ಒಮ್ಮೆಯೂ ಅವಳು "ನೀವು ಹತ್ತಿಸಿದ್ರಿ" ಎಂದು ಹೇಳಿಲ್ಲ. ಹೇಳಿದ್ದರೆ ಒಂದು ಜಗಳವಾಡಿ ಹಗುರವಾಗುತ್ತಿದ್ದೆ, ನಿಮಗೂ ಈ ಪತ್ರದ ಉಪದ್ರವ ಇರುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಆಚೆ ದಡದ ಮಕ್ಕಳು ಶಾಲೆಗೆ ನಡೆದು ಹೋಗುವಂತೆ ಆ ಸೇತುವೆಗೆ ಒಂದು ಕಾಲುದಾರಿ ಮಾಡಿಸಿ. ಅದಕ್ಕೆ ವರ್ಷ ಬೇಕೆಂದರೆ ಬೇಗ ಶುರುಮಾಡಿ. ನಮಗೆ ಅಷ್ಟು ಸಮಯವಿಲ್ಲ. ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಒಂದು ಬದಿಯ ವಾಹನಗಳನ್ನು ಹನ್ನೆರಡು ನಿಮಿಷ ತಡೆದು ಕುಶಲಾಳನ್ನು ದಾಟಲು ಬಿಡಿ. ಬಿಡದಿದ್ದರೂ ನಾವು ಬರುತ್ತೇವೆ. ನಿಮ್ಮ ಕಾವಲಿನವನು ಮತ್ತೆ ಜೀಪಿನ ಬಾಗಿಲು ತೆರೆಯುತ್ತಾನೆ. ಈ ಸಲ ಆ ಬಾಗಿಲಿಗೂ ಅವಳಿಗೂ ನಡುವೆ ನಾನು ನಿಂತಿರುತ್ತೇನೆ. ಕೇಸು ಹಾಕುವುದಿದ್ದರೆ ನನ್ನ ಮೇಲೆ ಹಾಕಿ, ಠಾಣೆಗೆ ಒಯ್ಯುವುದಿದ್ದರೆ ಅದೇ ಜೀಪಿನಲ್ಲಿ ಒಯ್ಯಿರಿ, ನನಗೆ ಯಾವ ಹರಕೆಯೂ ಇಲ್ಲ. ಅವಳನ್ನು ಮಾತ್ರ ನಡೆಯಲು ಬಿಡಿ.

ಇಂತಿ,
ಹೆಂಡತಿಯ ಮಾತು ಕೇಳಲು ಅರ್ಧ ನಿಮಿಷ ನಿಲ್ಲದವನು,
ನೋಣಯ್ಯ
ಕುದ್ರೋಳಿ, ಮಂಗಳೂರು