ತಾಯಿ ಪಾರ್ಟಿನ ನಡಿಗೆ

ಮರ್ಫಿ ಟೌನ್, ಬೆಂಗಳೂರು ದಂಡು
ಕಾರ್ತಿಕ ಸೋಮವಾರ, ೧೯೪೬

ಯಜಮಾನರಿಗೆ ಶಾಂತಕುಮಾರಿಯ ನಮಸ್ಕಾರಗಳು.

ನೀವು ಕೃಷ್ಣರಾಜಪುರಕ್ಕೆ, ನಿಮ್ಮ ಅಕ್ಕನವರ ಮನೆಗೆ ಹೋಗಿ ಕೂತ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಬರೆಯಲೇಬಾರದೆಂದು ಹಟ ಹಿಡಿದಿದ್ದೆ. ಹೇಳದೆ ಕೇಳದೆ ಎದ್ದು ಹೋದವರು ನೀವು, ನಾನೇಕೆ ಮೊದಲು ಬಗ್ಗಲಿ? ಆದರೆ ಮೊನ್ನೆ ಒಂದು ಸಂಗತಿ ನಡೆಯಿತು. ಅದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಹಲಸೂರಿನ ಷೆಡ್ಡಿನಲ್ಲಿ ನಾಟಕ ಕಂಪನಿಯ ನಟರಿಗೆ ನೀವು ಹೇಳುತ್ತಿದ್ದ ಪಾಠವನ್ನು ನೀವು ಹೋದ ಮೇಲೆ ನಾನು ಹೇಳುತ್ತಾ ಬಂದೆ. ನಗಬೇಡಿ. ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಎಷ್ಟು ವರ್ಷ ಕೇಳಿಲ್ಲ! ಹಸಿ ಮರಳು ಹರಡಿ, ಬರಿಗಾಲಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಮೈಭಾರ ಎಲ್ಲಿ ಬಿದ್ದಿದೆ ಹೇಳು ಎನ್ನುವುದು. ಆಮೇಲೆ ಪಕ್ಕಕ್ಕೆ ಸರಿಸಿ ಅವರದೇ ಹೆಜ್ಜೆ ಗುರುತು ತೋರಿಸುವುದು. ಬಾಯಿ ಹೇಳುವುದೊಂದು, ಮರಳು ತೋರಿಸುವುದೊಂದು.

ಕಂಪನಿಯವರಲ್ಲದೆ ಪಕ್ಕದ ಬೀದಿಯ ಉಮ್ಮೆ ಕುಲ್ಸುಂ ಕೂಡ ಬಂದಳು. ಯುದ್ಧದ ಕಾಲದಲ್ಲಿ ಸಿಪಾಯಿಗಳ ಬಟ್ಟೆ ಹೊಲಿದು ಹೊಲಿದು ಅವಳ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಸುಮ್ಮನೆ ಕೂರಿಸಿ, ಉಸಿರು ಎಲ್ಲಿ ತಡೆಯುತ್ತದೆ ನೋಡಿಕೋ ಅಂದೆ. ದಿನಾ ಅಷ್ಟೇ. ಒಂದು ಬೆಳಿಗ್ಗೆ ಓಡಿ ಬಂದು, "ಯಾ ಅಲ್ಲಾ, ನೋಡಕ್ಕಾ, ಇವತ್ತು ಜಡೆ ನಾನೇ ಹಾಕ್ಕೊಂಡೆ" ಎಂದು ಬೆನ್ನು ತಿರುಗಿಸಿ ನಿಂತಳು. ಜಡೆ ಸೊಟ್ಟಗಿತ್ತು. ನನಗೆ ಅಳು ಬಂದುಬಿಟ್ಟಿತು.

ಮಾಲೀಕರಾದ ದೊಡ್ಡಮುನಿಯಪ್ಪನವರ ಕಿವಿಗೂ ಇದು ಬಿತ್ತು. ಹೆಣ್ಣು ಪಾರ್ಟಿಗೆ ಹೆಂಗಸರನ್ನೇ ತರುತ್ತೇನೆಂದು ನಿಮ್ಮ ಸೀರೆ ಕಳಚಿಸಿ ರಾಜನ ಕಿರೀಟ ಇಟ್ಟ ಪುಣ್ಯಾತ್ಮರು! "ಹೊಸದಾಗಿ ಬಂದಿರೋ ಮಂಜುಳಮ್ಮಂಗೆ ಕಂಠ ಇದೆಯಮ್ಮಾ. ಆದ್ರೆ ತಾಯಿ ಪಾರ್ಟಲ್ಲಿ ಮೇಷ್ಟ್ರು ನಡೀತಿದ್ರಲ್ಲ, ಜನ ಅಳ್ತಿದ್ರಲ್ಲ, ಆ ನಡಿಗೆ ಬರ್ತಿಲ್ಲ. ನೀವೇ ಹೇಳ್ಕೊಡ್ಬೇಕು" ಅಂದರು. ಮೈ ಉರಿಯಿತು. ಆದರೂ ನಿಮ್ಮ ನಡಿಗೆಯನ್ನು ಬೇರೆ ಯಾರೋ ಕೆಡಿಸುವುದು ಬೇಡವೆಂದು ಒಪ್ಪಿಕೊಂಡೆ.

ಕಲಿಸಬೇಕಾದರೆ ಮೊದಲು ನಾನು ನಡೆಯಬೇಕಲ್ಲ. ಹಿತ್ತಲಲ್ಲಿ ನೀವು ಅಭ್ಯಾಸ ಮಾಡುವಾಗ ಪಾತ್ರೆ ಬೆಳಗುತ್ತಾ ನೋಡಿದ್ದೆನೇ ಹೊರತು ಎಂದೂ ನಡೆದು ನೋಡಿರಲಿಲ್ಲ. ಭಾರವೆಲ್ಲ ಎಡ ಹಿಮ್ಮಡಿಗೆ. ಎಡತೋಳು ಮಡಿಚಿ, ಬಲಗೈ ಏನನ್ನೋ ಮರೆಮಾಡಿದ ಹಾಗೆ, ಹೆಜ್ಜೆ ಸದ್ದಾಗದ ಹಾಗೆ. ಮರಳಿನ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಮೈಗೆ ಗೊತ್ತಾಗಿಹೋಯಿತು. ತಿರುಗಿ ನನ್ನದೇ ಹೆಜ್ಜೆ ಗುರುತು ನೋಡಿದೆ.

ಅದು ನನ್ನ ನಡಿಗೆ ರೀ. ನಮ್ಮ ಪುಟ್ಟಿ ಹೋದ ದಿನದ್ದು.

ಹೆಣ ಅಂದರೆ ಯಾವ ಜಟಕಾದವನೂ ಹತ್ತಿಸಲಿಲ್ಲ. ಮಗು ನಿದ್ದೆ ಮಾಡುತ್ತಿದೆ ಅಂತ ಜನ ತಿಳಿಯಲಿ ಎಂದು ಸೆರಗು ಹೊದಿಸಿ, ಆಸ್ಪತ್ರೆಯಿಂದ ಕೆರೆಯ ಪಕ್ಕದ ಹಾದಿಯಲ್ಲಿ ಮನೆಯವರೆಗೂ ನಡೆದೆ. ನೀವು ಹಿಂದೆ ಬರುತ್ತಿದ್ದಿರಿ. ಒಂದು ತೊಟ್ಟು ಕಣ್ಣೀರು ಹಾಕದೆ ಮತ್ತೆ ಬಣ್ಣ ಹಚ್ಚಲು ಹೋದಿರಿ. ನಿಮ್ಮದು ಕಲ್ಲುಮನಸ್ಸು ಅಂತಲೇ ನಾನು ತಿಳಿದಿದ್ದೆ.

ರಾಜನಾಗಿ ನೀವು ರಂಗಕ್ಕೆ ಬಂದಾಗ, ಹೆಂಗಸಿನ ಹಾಗೆ ನಡೆಯುತ್ತಾನೆ ಅಂತ ಜನ ಶಿಳ್ಳೆ ಹಾಕಿ ನಕ್ಕರಲ್ಲ, ಆ ಅವಮಾನಕ್ಕೆ ನೀವು ಊರೇ ಬಿಟ್ಟಿರಲ್ಲ, ಅವರಿಗೇನು ಗೊತ್ತು? ಸೀರೆ ಕಳಚಿದರೂ ಪುಟ್ಟಿಯನ್ನು ನೀವು ತೋಳಿನಿಂದ ಇಳಿಸಿರಲಿಲ್ಲ.

ಮನೆಗೆ ಬನ್ನಿ. ಆ ದಿನ ನೀವು ಅಂಗಳದಲ್ಲೇ ನಿಂತುಬಿಟ್ಟಿರಿ, ಒಳಗೆ ಬರಲಿಲ್ಲ. ನಾನು ಅವಳನ್ನು ಚಾಪೆಯ ಮೇಲೆ ಇಳಿಸಿದ್ದನ್ನು ನೀವು ನೋಡಲೇ ಇಲ್ಲ. ಅದನ್ನು ನಾನು ತೋರಿಸುತ್ತೇನೆ. ಮಂಡಿ ಹೇಗೆ ಬಗ್ಗಿಸಿದೆ, ತೋಳು ಹೇಗೆ ಬಿಟ್ಟೆ, ಎಲ್ಲ.

ಇಂತಿ ನಿಮ್ಮ ಹಾದಿ ನೋಡುತ್ತಿರುವ,
ಶಾಂತಕುಮಾರಿ

ತಾ.ಕ.: ಮಂಜುಳಮ್ಮನಿಗೆ ಆ ನಡಿಗೆ ಕಲಿಸಲಿಲ್ಲ. ಅದು ನಮ್ಮ ಮನೆಯದು, ಕೊಡಲಾರೆ ಎಂದು ಮಾಲೀಕರಿಗೆ ಹೇಳಿಬಿಟ್ಟೆ. ಹಾಗಾದರೆ ಷೆಡ್ಡು ಬಿಡಿ ಎಂದರು, ಬಿಟ್ಟೆ. ಉಮ್ಮೆ ಕುಲ್ಸುಂ ತನ್ನ ಬಲಗೈಯಲ್ಲೇ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು, ನನ್ನ ಜೊತೆ ಮರಳನ್ನೆಲ್ಲ ನಮ್ಮ ಹಿತ್ತಲಿಗೆ ಹೊತ್ತಳು. ನೀವು ಬರುವವರೆಗೆ ನೀರು ಚಿಮುಕಿಸಿ ಹಸಿಯಾಗಿಟ್ಟಿರುತ್ತೇನೆ.