ಡ್ರೈಯರ್ ಬಾಗಿಲಲ್ಲಿ ಕೂತವನು

ನವೆಂಬರ್ 5, ಮಂಗಳವಾರ

ಬೆಳಿಗ್ಗೆ ಪ್ರಾಕ್ಟೀಸ್. ಆರೂವರೆಗೆ ಬನ್ನಿ ಅಂದ್ರೆ ಏಳಕ್ಕೆ ದಯಮಾಡಿಸಿದ್ವು ಸವಾರಿಗಳು. ಹಬ್ಬದ ಹೋಳಿಗೆ ತಿಂದು ಒಬ್ಬೊಬ್ಬನ ಮುಖ ಕಡುಬಾಗಿದೆ. ಎಲ್ಲರನ್ನೂ ತೂಕದ ಮೆಷಿನ್ ಹತ್ತಿಸಿದೆ. ಅಶ್ವಿನ್ ಲಿಮಿಟ್‌ಗಿಂತ ನಾಲ್ಕು ಕೆಜಿ ಜಾಸ್ತಿ! ನನ್ನ ಲೆಫ್ಟ್ ಕಾರ್ನರ್. ಅವನು ರೈಡರ್ ಕಾಲು ಹಿಡಿದ್ರೆ ಬಿಡಿಸ್ಕೊಳ್ಳೋಕೆ ಅವರಪ್ಪ ಬರ್ಬೇಕು, ಅಂಥ ಹಿಡಿತ. ಹದಿನಾರಕ್ಕೆ ಸಾಗರದಲ್ಲಿ ಇಂಟರ್‌ಕಾಲೇಜ್ ಕಬಡ್ಡಿ. ಆಟಕ್ಕೆ ಮುಂಚೆ ತೂಕ ನೋಡ್ತಾರೆ. ಜಾಸ್ತಿ ಬಂದವನು ಹೊರಗೆ.

"ಎಂತ ತಿಂದ್ಯೋ?" ಅಂದ್ರೆ, "ಅಮ್ಮ ಬಡಿಸಿದ್ದು ಸರ್." ಉತ್ತರ ನೋಡು ಉತ್ತರ.

ಹನ್ನೊಂದಕ್ಕೆ ಅಧ್ಯಕ್ಷರ ಫೋನ್. ಕಾಲೇಜು ಅವರದ್ದು, ನನ್ನ ಕುತ್ತಿಗೇನೂ ಅವರದ್ದೇ. ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ಸೋತದ್ದು ಇನ್ನೂ ಹೊಟ್ಟೇಲಿ ಇಟ್ಕೊಂಡಿದಾರೆ. "ಡಿಫೆನ್ಸಿಂದ ಸೋತಿದ್ದು. ಡಿಫೆನ್ಸ್ ಕೋಚ್ ತೀರ್ಥೇಶ್ ಅಲ್ವಾ? ತೆಗೀರಿ ಅವನ್ನ."

ಅಂದೆ—ಹೆಡ್ ಕೋಚ್ ನಾನು ಸರ್. ಗೆದ್ರೆ ಹಾರ ಹಾಕಿಸ್ಕೊಳ್ಳೋನು ನಾನಾದ್ರೆ, ಸೋತ್ರೆ ಬೈಸ್ಕೊಳ್ಳೋನೂ ನಾನೇ.

ಆ ಕಡೆಯಿಂದ, "ಹಾಗಾದ್ರೆ ಸಾಗರದಲ್ಲೂ ಸೋತ್ರೆ ಇಬ್ಬರೂ ಹೋಗಿ."

ಹೇಳುವಾಗ ಎದೆ ಉಬ್ಬಿತ್ತು. ಫೋನ್ ಇಟ್ಮೇಲೆ ಸಾಗರಕ್ಕೆ ಇನ್ನೆಷ್ಟು ದಿನ ಅಂತ ಬೆರಳು ಮಡಚಿ ಎಣಿಸಿದೆ.

ನವೆಂಬರ್ 9, ಶನಿವಾರ

ಅಶ್ವಿನ್‌ಗೆ ಅನ್ನ ಬಂದ್. ರೇನ್‌ಕೋಟ್ ಹಾಕಿಸಿ ಗ್ರೌಂಡ್ ಸುತ್ತಿಸ್ತಿದೀನಿ. ಬೆವರು ಬಕೆಟ್‌ಗಟ್ಟಲೆ, ಇಳಿಯೋದು ಮಾತ್ರ ಚಿಟಿಕೆ.

ತೀರ್ಥೇಶ್ ಬಂದು ಪಕ್ಕ ನಿಂತ. ಏನೋ ಇದೆ ಅಂತ ಗೊತ್ತಾಯ್ತು. ಮೇಗರವಳ್ಳಿ ಕಡೆಯವನು, ಮಾತು ಬೇಕಂದ್ರೆ ಕೊಕ್ಕೆ ಹಾಕಿ ಎಳೀಬೇಕು.

"ಸರ್, ಅವನನ್ನ ಈ ಸಲ ಬಿಡುವ. ಸೋತ್ರೆ ಸೋತ್ವಿ."

"ನಿಂಗೇನು ಮಾರಾಯ, ಸೋತ್ರೆ ಸೋತ್ವಿ! ನಿನ್ನ ಕೆಲಸ ಉಳಿಸೋಕೆ ನಾನು ಇಲ್ಲಿ ಸಾಯ್ತಿದೀನಿ."

ಅಧ್ಯಕ್ಷರು ಹೇಳಿದ್ದು ಅವನಿಗೆ ತಿಳಿಸ್ಬಾರದಿತ್ತು. ಬಾಯಿ ತಡೀಲಿಲ್ಲ.

ನವೆಂಬರ್ 15, ಶುಕ್ರವಾರ

ಇನ್ನೂ ಒಂದೂವರೆ ಕೆಜಿ. ನಾಳೆ ಆಟ. ಏನ್ ಮಾಡೋದು?

ಆನಂದಪುರದಲ್ಲಿ ಹೆಂಡ್ತಿ ಅಣ್ಣನ ಅಡಿಕೆ ಡ್ರೈಯರ್ ಇದೆ, ಬೆಂಕಿ ಹಾಕಿ ಅಡಿಕೆ ಒಣಗಿಸೋ ಕೋಣೆ. ಕೊಯ್ಲಿಗೆ ಸರಿಯಾಗಿ ಮೋಡ ಹಾಕಿದೆ, ಅದಕ್ಕೇ ಬೆಂಕಿ ಆರಿಸಿಲ್ಲ. ಸಾಗರಕ್ಕೆ ಹೋಗೋ ದಾರೀಲೇ. ಬೆಳಿಗ್ಗೆ ಅದರೊಳಗೆ ಕೂರಿಸಿದ್ರೆ ಬೆವರು ಕಿತ್ಕೊಂಡು ಬರುತ್ತೆ. ಪೇಟೆ ಜಿಮ್‌ಗೆ ಹೋಗೋರು ಸ್ಟೀಮ್ ಬಾತ್ ಅಂತ ದುಡ್ಡು ಕೊಟ್ಟು ಮಾಡಿಸ್ಕೊಳ್ಳಲ್ವಾ?

ತೀರ್ಥೇಶ್‌ಗೆ ಹೇಳಿದೆ. "ಸರ್, ಅದು ಅಡಿಕೆ ಒಣಗಿಸೋಕೆ ಇರೋದು. ಮನುಷ್ಯರಿಗಲ್ಲ."

"ನೀನು ಬಾಗಿಲಲ್ಲಿ ಕೂತ್ಕೋ. ಆಗಾಗ ಕೂಗಿ ಮಾತಾಡ್ಸು. ಅಷ್ಟೇ."

"ನಂಗೆ ಮನಸಿಲ್ಲ."

"ಮನಸು ಯಾರು ಕೇಳಿದ್ರು?"

ಅಶ್ವಿನ್‌ನ ಬೇರೆ ಕರೆದು ಕೂರಿಸ್ಕೊಂಡು ಹೇಳಿದೆ. ತೀರ್ಥೇಶ್ ಹೊರಗೆ ಬಾ ಅಂದ್ರೂ ಬರ್ಬೇಡ, ನಾನು ಹೇಳೋವರೆಗೆ ಕೂತಿರು. ತುಟಿ ಒಡೆದಿತ್ತು ಹುಡುಗಂದು. "ನೀವು ಹೇಳಿದ್ಮೇಲೆ ಮುಗೀತು ಸರ್" ಅಂದ. ಬಂಗಾರದಂಥ ಹುಡುಗ.

ನವೆಂಬರ್ 16, ಶನಿವಾರ

ಶಿವಮೊಗ್ಗ. ಆಸ್ಪತ್ರೆ ಹೊರಗಿನ ಕಲ್ಲುಬೆಂಚು.

ಅಶ್ವಿನ್‌ನ ತೀರ್ಥೇಶ್ ಜೊತೆ ಆನಂದಪುರಕ್ಕೆ ಕಳಿಸಿ, ನಾನು ಉಳಿದವರನ್ನ ಕರ್ಕೊಂಡು ಮುಂಚೇನೇ ಸಾಗರಕ್ಕೆ ಹೋಗಿದ್ದೆ. ತೀರ್ಥೇಶ್ ಫೋನ್ ಮಾಡಿದ. "ಸಾಕು ಸರ್, ತೆಗೀತೀನಿ. ಅವನು ಮಾತು ತೊದಲ್ತಿದಾನೆ." ನಾನು—ಇನ್ನು ಸ್ವಲ್ಪ ಹೊತ್ತು, ಇಷ್ಟು ಮಾಡಿ ಕೊನೇಲಿ ಕೆಡಿಸ್ಬೇಡ—ಅಂದೆ.

ಅಂದೆ. ಹೌದು.

ಎರಡನೇ ಫೋನ್‌ಗೆ ಬರೀ ಕೂಗಾಟ. ತೀರ್ಥೇಶನೇ ಹೊತ್ಕೊಂಡು ಹೊರಗೆ ತಂದನಂತೆ. ಮೈ ಕೆಂಡ. ಜ್ಞಾನ ಇಲ್ಲ. ಡಾಕ್ಟ್ರು ಕಿಡ್ನಿ ಅಂತಾರೆ, ಮೆದುಳು ಅಂತಾರೆ, ಈಗಲೇ ಏನೂ ಹೇಳಕ್ಕಾಗಲ್ಲ ಅಂತಾರೆ.

ಟೀಮ್ ಮೊದಲ ಮ್ಯಾಚೇ ಸೋತಿತು. ಯಾರಿಗೆ ಬೇಕು.

ನವೆಂಬರ್ 20, ಬುಧವಾರ

ಆಡಳಿತ ಮಂಡಳಿ ಸಭೆ. ಕಾಫಿ, ಗೋಡಂಬಿ. ಮದುವೆ ಮಾತುಕತೆ ನಡೆದ ಹಾಗೆ.

ಅಧ್ಯಕ್ಷರು ಬೈಯಲೇ ಇಲ್ಲ. ಬೈದಿದ್ರೆ ಒಳ್ಳೇದಿತ್ತು. "ಡ್ರೈಯರ್ ಹತ್ರ ನೀವು ಇರ್ಲಿಲ್ಲ, ಅಲ್ವಾ?" ಇರ್ಲಿಲ್ಲ. "ಇದ್ದೋನು ತೀರ್ಥೇಶ್, ಅಲ್ವಾ?" ಹೌದು. "ಮತ್ತೆ ಮುಗೀತಲ್ಲ. ಹೆಡ್ ಕೋಚ್ ಹೋದ್ರೆ ಕಾಲೇಜಿನ ಹೆಸರು ಹೋಗುತ್ತೆ. ಡಿಫೆನ್ಸ್ ಕೋಚ್ ಹೋದ್ರೆ ಡಿಫೆನ್ಸ್ ಕೋಚ್ ಹೋಗ್ತಾನೆ."

ನಾನು ಸುಳ್ಳು ಹೇಳಿಲ್ಲ. ಕೇಳಿದ್ದಕ್ಕೆಲ್ಲ ನಿಜವೇ ಹೇಳಿದೆ. ಕೇಳದ್ದನ್ನ ಹೇಳಲಿಲ್ಲ... ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಎತ್ತು ಕೂತ್ಕೊಂಡು ಗೋಡಂಬಿ ತಿಂತು.

ತೆಗೆದಿದ್ದನ್ನ ಅವನಿಗೆ ಹೇಳೋ ಕೆಲಸಾನೂ ನಂಗೇ. ಸ್ಟೋರ್ ರೂಮಲ್ಲಿ ಮ್ಯಾಟ್ ಸುತ್ತಿಡ್ತಿದ್ದ. ಹೇಳಿದೆ. ಮ್ಯಾಟ್ ಪೂರ್ತಿ ಸುತ್ತಿ, ಹಗ್ಗ ಕಟ್ಟಿ, ಆಮೇಲೆ ನನ್ನ ಕಡೆ ತಿರುಗಿದ. "ಕೆಲಸ ಹೋಗ್ಲಿ ಸರ್. ಅಶ್ವಿನ್ ಮನೆಯವರಿಗೆ ಒಂದು ಮಾತು ಹೇಳಿ. ನಾನು ಬೇಡ ಅಂದಿದ್ದೆ ಅಂತ. ಅಷ್ಟು ಸಾಕು."

ಹೇಳ್ತೀನಿ ಅಂದೆ.

ನವೆಂಬರ್ 21

ಹೇಳಿಲ್ಲ. ಹುಡುಗ ಹಾಗೇ ಮಲಗಿದಾನೆ. ಆಸ್ಪತ್ರೇಲಿ ಅವನಮ್ಮ ದುಗ್ಗಮ್ಮ ನನ್ನ ಕೈ ಹಿಡ್ಕೊಂಡು ಅತ್ತರು. "ನೀವೊಬ್ರಾದ್ರೂ ದಿನಾ ಬರ್ತೀರಿ ಸಾರ್." ಆಗ ಹೇಗೆ ಹೇಳೋದು?

ಚೈತ್ರಾ ಊಟಕ್ಕೆ ಬಡಿಸಿ ಎದುರಿಗೆ ನಿಂತಳು. "ಆವತ್ತು ಸಾಗರಕ್ಕೆ ಹೊರಡೋ ಮುಂಚೆ ಡ್ರೈಯರ್ ಕೀ ಎಲ್ಲಿ ಅಂತ ನಮ್ಮಣ್ಣಂಗೆ ಫೋನ್ ಮಾಡಿದ್ದು ಯಾರ್ರೀ?" ಉಣ್ಣೋಕೆ ಬಿಡೇ ಅಂದೆ. ಉಂಡಿದ್ದು ಯಾರು.

ನವೆಂಬರ್ 23, ಶನಿವಾರ

ಅಶ್ವಿನ್ ಅಪ್ಪ ಹೂವಯ್ಯ ಕಾಲೇಜಿಗೇ ಬಂದಿದ್ದ. ಮಾಸ್ತಿಕಟ್ಟೆಯಿಂದ ನೆಂಟರನ್ನೂ ಕಟ್ಕೊಂಡು. ಮೆತ್ತಗಿನ ದನಿ ಅವನದ್ದು. ಕೂಗಾಡೋರನ್ನ ಕಂಡ್ರೆ ನಂಗೆ ಭಯ ಇಲ್ಲ, ಇಂಥವರದ್ದೇ ಭಯ.

"ಆ ತೀರ್ಥೇಶನ ಮನೆ ಮೇಗರವಳ್ಳೀಲಿ ಎಲ್ಲಿ ಬರ್ತದೆ ಸಾರ್?"

ಯಾಕೆ ಅಂತ ಕೇಳ್ಬೇಕಿತ್ತು. ಹೊರಗೆ ಜೀಪಲ್ಲಿದ್ದೋರು ಇಳಿದೇ ಇರ್ಲಿಲ್ಲ, ಎಂಜಿನ್ ಆಫ್ ಮಾಡಿರ್ಲಿಲ್ಲ. ಗೊತ್ತಾಯ್ತು ನಂಗೆ. ಗೊತ್ತಾಗಿಯೂ—ಶಾಲೆ ದಾಟಿ ಎಡಕ್ಕೆ—ಅಂದೆ.

ಥೂ ನನ್ನ ಜನ್ಮಕ್ಕೆ.

ನವೆಂಬರ್ 24, ಭಾನುವಾರ

ತೀರ್ಥೇಶನ ಬಲಗೈ ಮುರಿದಿದೆ. ಅವರಮ್ಮ ಕನ್ನಮ್ಮ ಫೋನ್ ಎತ್ತಿದ್ರು. ಜೀಪಲ್ಲಿ ಬಂದೋರು ಅಂಗಳದಲ್ಲಿ ಹಾಕ್ಕೊಂಡು ಹೊಡೆದ್ರಂತೆ. "ಬಾಯಿ ಬಿಡ್ಲೇ ಇಲ್ಲ ಸಾರ್ ಇವ. ಬಾಗ್ಲಲ್ಲಿ ಕೂತಿದ್ದೋನು ನಾನೇ ಹೌದು ಅಂದ, ಅಷ್ಟೇ. ನೀವು ದೊಡ್ಡೋರು, ನೀವು ಹೇಳಿದ್ರೆ ಕೇಳ್ತಾರೆ, ಒಂದ್ಮಾತು ಹೇಳ್ಬಾರ್ದಾ?"

ನಾಳೆ ಹೇಳ್ತೀನಿ ಅಂದೆ. ಇದಕ್ಕೂ ನಾಳೆ.

ನವೆಂಬರ್ 28, ಗುರುವಾರ. ಸಂಜೆ 4

ಭಾನುವಾರದಿಂದ ಆಸ್ಪತ್ರೆ ಕಡೆ ಹೋಗೋ ಧೈರ್ಯ ಆಗಿರ್ಲಿಲ್ಲ. ಹೂವಯ್ಯನ ಫೋನ್. "ಹುಡ್ಗ ಮೊನ್ನೆ ಕಣ್ಣು ಬಿಟ್ಟ ಸಾರ್."

ದೇವ್ರು ದೊಡ್ಡೋನು ಅಂದೆ. ಮನಸಾರೆ ಅಂದೆ.

"ನಿನ್ನೆಯಿಂದ ಮಾತೂ ಆಡ್ತಿದಾನೆ." ಅದೇ ಮೆತ್ತಗಿನ ದನಿ. "ಮನೇಲೇ ಇದ್ದೀರಲ್ಲ ಸಾರ್? ಬರ್ತಿದೀವಿ."

ಇದೀನಿ ಅಂದೆ.

ಚೈತ್ರಾಗೆ ಹೇಳಿದೆ. "ಹಿಂದಿನ ಬಾಗ್ಲು ತೆಗ್ದೇ ಇದೆ. ಓಡೋದಾದ್ರೆ ಓಡಿ. ನಾನಂತೂ ಇಲ್ಲ ಅಂತ ಸುಳ್ಳು ಹೇಳೋಳಲ್ಲ" ಅಂದಳು.

4.40

ಹಿಂದಿನ ಬಾಗ್ಲವರೆಗೂ ಹೋಗಿ ವಾಪಸ್ ಬಂದೆ. ಹೆದರಿಕೆ. ಹೆದರಿಕೆ ಅಂತಲೇ ಬರೀತೀನಿ, ಬಿಪಿ ಅಂತ ಬರೆಯಲ್ಲ. ತೀರ್ಥೇಶ್‌ಗೆ ಫೋನ್ ಮಾಡಿದೆ. ಈ ಸಲ ಅವನೇ ಎತ್ತಿದ.

"ಹೇಳಿ ಸರ್."

ಕ್ಷಮಿಸು ಅನ್ನೋಕೆ ಅಂತಲೇ ಮಾಡಿದ್ದು. ಬಾಯಿಗೆ ಬಂದಿದ್ದು ಬೇರೆ—ಹೂವಯ್ಯ ಬರ್ತಿದಾನೆ, ನೀನೊಂದು ಸಲ ಅವನ ಹತ್ರ ಮಾತಾಡು ಮಾರಾಯ, ನಿನ್ನ ಮಾತು ಕೇಳ್ಬಹುದು.

"ಪಕ್ಕದಲ್ಲೇ ಇದಾರೆ ಸರ್. ಅಶ್ವಿನ್ ಹೇಳಿದ್ದು ಕೇಳಿ ನಮ್ಮನೆಗೇ ಬಂದಿದ್ರು. ಜೀಪಲ್ಲಿ ನಾನೂ ಇದೀನಿ."

ಕಟ್ ಮಾಡಲಿಲ್ಲ ಅವನು. ನಾನೂ ಮಾಡಲಿಲ್ಲ. ಎಂಜಿನ್ ಸದ್ದು ಫೋನಲ್ಲೂ ಕೇಳ್ತಿದೆ, ಈಗ ಹೊರಗೂ ಕೇಳ್ತಿದೆ. ಚೈತ್ರಾ ಚಿಲಕ ತೆಗೀತಿದಾಳೆ. ಅವರು ಕೇಳೋಕೆ ಮುಂಚೆ ನಾನೇ ಹೇಳ್ಬೇಕು. ತೀರ್ಥೇಶ್ ಬೇಡ ಅಂದಿದ್ದ, ಕೂರಿಸು ಅಂದಿದ್ದು